ಜಪಾನಿನಿಂದ ಬಂದ 2004ರ ಲೆಗಸಿ ಜಿಟಿ ಎಸ್ಟೇಟ್: ಮನೆಗೆ ಒಂದೇ ಕಾರೆಂದು ಕೊಳ್ಳಬಹುದೇ?

ಪ್ರಶ್ನೆ: ವರದಾತೀರ (ರೆಡಿಂಗ್)

ಎಲ್ಲರಿಗೂ ನಮಸ್ಕಾರ.

ನಾನು ಸಾಗರದವನು; 2016ರಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕುಟುಂಬದೊಂದಿಗೆ ನೆಲೆಸಿದ್ದೇನೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಹೆಣ್ಣುಮಕ್ಕಳು ಇದ್ದೇವೆ. ಪ್ರತಿ ಬೇಸಿಗೆಯಲ್ಲಿ ಊರಿನಿಂದ ಅಮ್ಮ ಬಂದು ಮೂರು ತಿಂಗಳು ನಮ್ಮೊಡನೆ ಇರುತ್ತಾರೆ. ನಮ್ಮ ಬಳಿ ಇರುವ 2013ರ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಐದು ಜನರಿಗೂ ಅವರ ಸಾಮಾನಿಗೂ ಸಾಲುತ್ತಿಲ್ಲವಾದ್ದರಿಂದ ದೊಡ್ಡ ಕಾರೊಂದನ್ನು ಕೊಳ್ಳಲೇಬೇಕಾಗಿದೆ.

ಎಸ್ಟೇಟ್ ಕಾರಿನ, ಅಂದರೆ ಹಿಂದೆ ಸಾಮಾನಿಗೆ ಉದ್ದನೆಯ ಜಾಗವಿರುವ ಕಾರಿನ, ಮೇಲಿನ ಪ್ರೀತಿ ನನಗೆ ಇಲ್ಲಿಗೆ ಬಂದ ಮೇಲೆ ಹುಟ್ಟಿದ್ದಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮ ಬೀದಿಯ ವೈದ್ಯರೊಬ್ಬರ ಬಳಿ ಟಾಟಾ ಎಸ್ಟೇಟ್ ಇತ್ತು. ಹಿಂಬಾಗಿಲನ್ನು ಮೇಲಕ್ಕೆತ್ತಿ, ಸೀಟು ಮಡಚಿ, ಅವರು ಒಮ್ಮೆ ಅಡಿಕೆ ಚೀಲಗಳನ್ನೂ ಇನ್ನೊಮ್ಮೆ ಮಲಗಿಸಿದ ರೋಗಿಯನ್ನೂ ಅದರಲ್ಲಿ ಸಾಗಿಸಿದ್ದನ್ನು ಕಂಡಂದಿನಿಂದ, ಕಾರೆಂದರೆ ಹಾಗಿರಬೇಕು ಎಂಬ ಭಾವನೆ ನನ್ನಲ್ಲಿ ಉಳಿದುಬಿಟ್ಟಿದೆ. ಅದೇ ಆಕಾರದಲ್ಲಿ, ಓಡಿಸುವವನಿಗೂ ಸಂತೋಷ ಕೊಡುವ ಕಾರು ಸಿಗುವುದಾದರೆ ಅದನ್ನು ಬಿಡಲು ಮನಸ್ಸು ಒಪ್ಪುತ್ತಿಲ್ಲ.

ನಾನು ನೋಡಿರುವುದು ಸುಬಾರು ಲೆಗಸಿ 2.0 ಜಿಟಿ ಸ್ಪೆಕ್-ಬಿ. 2004ರ ನವೆಂಬರಿನಲ್ಲಿ ಜಪಾನಿನಲ್ಲಿ ನೋಂದಣಿಯಾದ ಈ ಕಾರಿಗೆ ಐದು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್, ನಾಲ್ಕು ಚಕ್ರಗಳ ಚಾಲನೆ ಹಾಗೂ 280 ಅಶ್ವಶಕ್ತಿಯ ಟರ್ಬೊ (ಹೊಗೆಯ ಬಲದಿಂದ ಹೆಚ್ಚು ಗಾಳಿ ತುಂಬುವ ಸಾಧನ) ಎಂಜಿನ್ ಇವೆ. ಈ ಟರ್ಬೊ ಮಾದರಿ ಬ್ರಿಟನ್ನಿನ ಷೋರೂಮುಗಳಿಗೆ ಬರಲೇ ಇಲ್ಲ. ಇಲ್ಲಿ ಸ್ಪೆಕ್-ಬಿ ಎಂಬ ಹೆಸರಿನಲ್ಲಿ ಮಾರಾಟವಾದದ್ದು 3.0 ಲೀಟರಿನ ಆರು ಸಿಲಿಂಡರಿನ ಕಾರು. 2019ರಲ್ಲಿ ಇದು ಇಲ್ಲಿಗೆ ಬಂದಾಗ 92,000 ಕಿಲೋಮೀಟರ್ ಓಡಿತ್ತು. ಅಂದಿನಿಂದ ಸ್ವಿಂಡನ್‌ನ ಒಬ್ಬರೇ ಮಾಲೀಕರ ಬಳಿ ಇದ್ದು, ಈಗ ಒಟ್ಟು 71,000 ಮೈಲಿ ತೋರಿಸುತ್ತಿದೆ. ಹರಾಜಿಗೆ ಮುನ್ನ ಕಾರಿನ ಸ್ಥಿತಿಯನ್ನು ಬರೆದಿಡುವ ಜಪಾನಿನ ಹರಾಜು ಪತ್ರದ ಪ್ರತಿಯೂ ಅಲ್ಲಿನ ರಫ್ತು ಪ್ರಮಾಣಪತ್ರವೂ ಇವೆ. ಟೈಮಿಂಗ್ ಬೆಲ್ಟನ್ನು ಬಂದ ಕೂಡಲೇ ಬದಲಿಸಿದ್ದೇನೆ ಎನ್ನುತ್ತಾರೆ, ಆದರೆ ಅದರ ರಸೀದಿ ಇಲ್ಲ. ಇಲ್ಲಿ ವರ್ಷಕ್ಕೊಮ್ಮೆ ಕಡ್ಡಾಯವಾದ ಎಂಒಟಿ ತಪಾಸಣೆಯಲ್ಲಿ ಕಳೆದ ಬಾರಿ ಹಿಂದಿನ ಸಸ್ಪೆನ್ಷನ್ ತೋಳುಗಳ ಮೇಲೆ ಮೇಲ್ಮೈ ತುಕ್ಕು ಇದೆ ಎಂಬ ಸೂಚನೆ ಬಿಟ್ಟರೆ ಬೇರೇನೂ ಬರೆದಿಲ್ಲ. ಕೇಳುತ್ತಿರುವ ಬೆಲೆ 8,200 ಪೌಂಡ್.

ನನ್ನ ಉಳಿತಾಯದಲ್ಲಿ ಇದಕ್ಕೆಂದು ತೆಗೆದಿಟ್ಟಿರುವುದು 9,000 ಪೌಂಡ್. ಹಳೆಯ ಕಾರನ್ನು ಮಾರಿದರೆ 2,500 ಸಿಗಬಹುದು. ಇದೇ ಹಣಕ್ಕೆ ಏಳೆಂಟು ವರ್ಷ ಹಳೆಯ ಸ್ಕೋಡಾ ಆಕ್ಟೇವಿಯ ಎಸ್ಟೇಟ್ ಸಿಗುತ್ತದೆ ಎಂಬುದು ನನಗೆ ಗೊತ್ತು. ಜಪಾನಿನದೇ ಇನ್ನೊಂದು ಎಸ್ಟೇಟ್ ಆದ ನಿಸಾನ್ ಸ್ಟೇಜಿಯಾವನ್ನೂ ನೋಡಿದೆ, ಆದರೆ ಒಳ್ಳೆಯದೆನಿಸಿದ್ದಕ್ಕೆ ಹದಿನಾಲ್ಕು ಸಾವಿರ ಕೇಳಿದರು. ನಾನು ವರ್ಷಕ್ಕೆ ಸುಮಾರು 8,000 ಮೈಲಿ ಓಡಿಸುತ್ತೇನೆ. ನನ್ನ ಹೆಂಡತಿ ಬೇಡವೆನ್ನುತ್ತಿಲ್ಲ. ಶಾಲೆಯ ದಿನ ಬೆಳಿಗ್ಗೆ ಎಂಟಕ್ಕೆ ಕಾರು ಹೊರಡಲೇಬೇಕು ಎಂಬ ಒಂದೇ ಷರತ್ತು ಹಾಕಿದ್ದಾಳೆ, ಮತ್ತು ಆ ಷರತ್ತು ನ್ಯಾಯವಾದದ್ದು.

ಇಪ್ಪತ್ತು ವರ್ಷ ದಾಟಿದ ಇಂಥ ಕಾರನ್ನು ಮನೆಯ ಏಕೈಕ ಕಾರಾಗಿ ನಂಬಬಹುದೇ? ನೋಡಲು ಹೋದಾಗ ಏನನ್ನು ಪರೀಕ್ಷಿಸಬೇಕು? ಮುಂದೆ ಐದಾರು ವರ್ಷಕ್ಕೆ ಊರಿಗೆ ಮರಳುವ ಯೋಚನೆಯೂ ಇದೆ. ಕಾರನ್ನು ಜೊತೆಗೆ ಕೊಂಡೊಯ್ಯಲು ಸಾಧ್ಯವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕುಂದಾದ್ರಿ (ಕವೆಂಟ್ರಿ)

ವರದಾತೀರ ಅವರೇ, ಇದೇ ಮಾದರಿಯ 2005ರ ಕಾರನ್ನು ನಾನು ಆರು ವರ್ಷಗಳಿಂದ ಓಡಿಸುತ್ತಿದ್ದೇನೆ. ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ನೀವು ಕೊಳ್ಳುತ್ತಿರುವ ವಸ್ತು ಏನೆಂಬುದನ್ನು ಹೇಳಬೇಕು. 1989ರಲ್ಲಿ ಮೊದಲ ಲೆಗಸಿ ಬಂದಾಗಿನಿಂದಲೂ ಜಪಾನಿನಲ್ಲಿ ಅದರ ಎಸ್ಟೇಟ್ ರೂಪವೇ ಹೆಚ್ಚು ಮೆಚ್ಚುಗೆ ಪಡೆದದ್ದು. ಹಿಮದ ಬೆಟ್ಟಗಳಿಗೆ ಸ್ಕೀಯಿಂಗ್‌ಗೆ ಹೋಗುವ ಕುಟುಂಬಗಳಿಗೆ ನಾಲ್ಕು ಚಕ್ರಗಳ ಚಾಲನೆ, ಸಾಮಾನಿಗೆ ಜಾಗ ಮತ್ತು ಹೆದ್ದಾರಿಯಲ್ಲಿ ವೇಗ, ಈ ಮೂರೂ ಒಂದರಲ್ಲೇ ದೊರೆತವು. ಅಲ್ಲಿ ವಾರ್ಷಿಕ ವಾಹನ ತೆರಿಗೆ ಪ್ರತಿ ಅರ್ಧ ಲೀಟರಿಗೊಂದು ಮೆಟ್ಟಿಲಿನಂತೆ ಏರುವುದರಿಂದ ಎಂಜಿನ್ನನ್ನು 2.0 ಲೀಟರಿನೊಳಗೆ ಇಟ್ಟು ಟರ್ಬೊ ಜೋಡಿಸಿದರು. ಜಪಾನಿನ ತಯಾರಕರು 280 ಅಶ್ವಶಕ್ತಿಗಿಂತ ಹೆಚ್ಚು ಘೋಷಿಸಬಾರದೆಂದು ತಮ್ಮೊಳಗೇ ಮಾಡಿಕೊಂಡಿದ್ದ ಒಪ್ಪಂದ 2004ರವರೆಗೆ ನಡೆಯಿತಾದ್ದರಿಂದ ನಿಮ್ಮ ಕಾರಿನ ಕಾಗದದಲ್ಲೂ ಅದೇ ಸಂಖ್ಯೆ ಇದೆ. ನೀವು ನೋಡಿರುವ ನಾಲ್ಕನೆಯ ತಲೆಮಾರು 2003ರಲ್ಲಿ ಬಂದು, 2003-04ರ ಸಾಲಿನ ಜಪಾನಿನ ವರ್ಷದ ಕಾರು ಪ್ರಶಸ್ತಿ ಪಡೆಯಿತು. ಅಗಲ 1,730 ಮಿಲಿಮೀಟರ್, ಉದ್ದ 4,680. ಇಂದಿನ ಕುಟುಂಬ ಕಾರುಗಳ ಪಕ್ಕದಲ್ಲಿ ಇದು ತೆಳ್ಳಗೆ ಕಾಣುತ್ತದೆ. ರೆಡಿಂಗ್‌ನ ಹಳೆಯ ಬೀದಿಗಳಲ್ಲಿ ನಿಲ್ಲಿಸುವಾಗ ಅದರ ಬೆಲೆ ನಿಮಗೆ ತಿಳಿಯುತ್ತದೆ.

ಹಿಂದಿನ ತಲೆಮಾರಿನ ಜಿಟಿ-ಬಿ ಕಾರುಗಳಲ್ಲಿ ಎರಡು ಟರ್ಬೊಗಳು ಒಂದಾದ ಮೇಲೊಂದು ಕೆಲಸಕ್ಕಿಳಿಯುತ್ತಿದ್ದವು, ಮತ್ತು ಎರಡನೆಯದು ಸೇರಿಕೊಳ್ಳುವ ಹೊತ್ತಿಗೆ, ನಿಮಿಷಕ್ಕೆ ಸುಮಾರು 4,500 ಸುತ್ತಿನ ಆಸುಪಾಸಿನಲ್ಲಿ, ಕಾರು ಒಂದು ಕ್ಷಣ ಸೊರಗಿದಂತಾಗುತ್ತಿತ್ತು. ನಿಮ್ಮದರಲ್ಲಿ ಇರುವುದು ಒಂದೇ ಟರ್ಬೊ. ನಾಲ್ಕು ಸಿಲಿಂಡರುಗಳ ಹೊಗೆಯನ್ನು ಎರಡೆರಡಾಗಿ ಬೇರ್ಪಡಿಸಿ, ಸಮ ಉದ್ದದ ಕೊಳವೆಗಳ ಮೂಲಕ ಅದಕ್ಕೆ ತಲುಪಿಸುತ್ತಾರೆ. ಹೀಗಾಗಿ ಕೆಳಗಿನ ಸುತ್ತುಗಳಿಂದಲೇ ಎಳೆತ ಬರುತ್ತದೆ. ಸುಬಾರು ಎಂದೊಡನೆ ಜನ ನೆನೆಯುವ ಆ ಗುಡುಗುಡು ಸದ್ದು ಮಾತ್ರ ಇದರಲ್ಲಿ ಇರುವುದಿಲ್ಲ, ಏಕೆಂದರೆ ಆ ಸದ್ದು ಹುಟ್ಟುವುದೇ ಕೊಳವೆಗಳ ಉದ್ದ ಅಸಮವಾಗಿದ್ದಾಗ. ನೋಡಲು ಹೋದಾಗ ಸದ್ದು ಸಪ್ಪೆ ಎನಿಸಿದರೆ ಅದನ್ನು ದೋಷವೆಂದು ಎಣಿಸಬೇಡಿ. ಗುಡುಗುಡು ಕೇಳಿಸಿದರೇ ಯಾರೋ ಕೊಳವೆಗಳನ್ನು ಬದಲಿಸಿದ್ದಾರೆ ಎಂದು ಅನುಮಾನಿಸಬೇಕು.

ಈಗ ಪರೀಕ್ಷೆಯ ವಿಷಯ. ನೀವು ಬರುವ ಮುನ್ನ ಎಂಜಿನ್ ಚಾಲೂ ಮಾಡಬಾರದೆಂದು ಮಾರುವವರಿಗೆ ಮೊದಲೇ ಹೇಳಿ, ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿರುವುದನ್ನು ಖಚಿತಪಡಿಸಿಕೊಳ್ಳಿ. ತಣ್ಣಗಿನ ಎಂಜಿನ್ ಹೊರಡುವಾಗ ನೀಲಿ ಹೊಗೆ ಬರುತ್ತದೆಯೇ, ಕೆಳಗಿನಿಂದ ಕುಟ್ಟುವ ಸದ್ದು ಕೇಳುತ್ತದೆಯೇ ಎಂದು ಗಮನಿಸಿ. ಈ ಎಂಜಿನ್ನುಗಳಲ್ಲಿ ಪಿಸ್ಟನ್ ಮೇಲಿನ ರಿಂಗುಗಳ ನಡುವಿನ ದಿಂಡು ಬಿರುಕು ಬಿಡುವುದುಂಟು. ಓಡಿಸಿ ನೋಡಿದಾಗ ಅದು ಗೊತ್ತಾಗುವುದಿಲ್ಲ. ಅದಕ್ಕಾಗಿ ನಾಲ್ಕೂ ಸಿಲಿಂಡರುಗಳ ಒತ್ತಡ ಅಳೆಯುವ ಕಂಪ್ರೆಶನ್ ಪರೀಕ್ಷೆಯನ್ನು ಸುಬಾರು ಕೆಲಸ ಬಲ್ಲ ಗ್ಯಾರೇಜಿನಲ್ಲಿ, ನಿಮ್ಮದೇ ಖರ್ಚಿನಲ್ಲಿ ಮಾಡಿಸಿ. ನಾಲ್ಕು ಅಂಕಿಗಳೂ ಒಂದಕ್ಕೊಂದು ಹತ್ತಿರವಿರಬೇಕು. ಮಾರುವವರು ಒಪ್ಪದಿದ್ದರೆ ಅಲ್ಲಿಂದ ಹಿಂದಿರುಗುವುದೇ ಕ್ಷೇಮ.

ಟರ್ಬೊಗೆ ಎಣ್ಣೆ ಹೋಗುವ ಕೊಳವೆಯ ಬೋಲ್ಟಿನೊಳಗೆ ಒಂದು ಸಣ್ಣ ಜಾಲರಿ ಇರುತ್ತದೆ. ಎಣ್ಣೆ ಬದಲಾವಣೆ ತಡವಾದ ಕಾರುಗಳಲ್ಲಿ ಅದು ಕಟ್ಟಿಕೊಂಡು ಟರ್ಬೊ ಒಣಗಿ ಸಾಯುತ್ತದೆ. ನನ್ನ ಕಾರಿಗೆ ಆದದ್ದು ಇದೇ. ಕೊಂಡ ಎಂಟನೆಯ ತಿಂಗಳಿನಲ್ಲಿ, ಹೆದ್ದಾರಿಯಲ್ಲಿ ಮಗನನ್ನು ವಿಶ್ವವಿದ್ಯಾಲಯಕ್ಕೆ ಬಿಡಲು ಹೋಗುತ್ತಿದ್ದಾಗ ಸೀಟಿಯಂಥ ಸದ್ದು ಶುರುವಾಗಿ, ಮುಂದಿನ ನಿಲುಗಡೆ ತಲುಪುವ ಮೊದಲೇ ಹಿಂದೆಲ್ಲ ಹೊಗೆ ತುಂಬಿತು. ಕೊಳ್ಳುವ ಮುನ್ನ ಕಾರನ್ನು ನೋಡಿದ್ದ ಗ್ಯಾರೇಜಿನವರು ಆ ಜಾಲರಿಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದುರಸ್ತಿ ಮಾಡಿದ ಟರ್ಬೊ, ಕೊಳವೆಗಳು, ಎಣ್ಣೆ, ಕೂಲಿ ಎಲ್ಲ ಸೇರಿ 1,450 ಪೌಂಡ್ ಆಯಿತು. ಆದ್ದರಿಂದ ನಿಮ್ಮ ಮೊದಲ ಸರ್ವಿಸಿನಲ್ಲೇ ಆ ಜಾಲರಿಯನ್ನು ಬಿಚ್ಚಿ ನೋಡಿಸಿ, ಎಣ್ಣೆಯನ್ನು 4,000 ಮೈಲಿಗೊಮ್ಮೆ ಬದಲಿಸಿ.

ಬೆಲ್ಟಿನ ರಸೀದಿ ಇಲ್ಲವೆಂದರೆ ಬೆಲ್ಟು ಬದಲಾಗಿಲ್ಲವೆಂದೇ ತಿಳಿಯಿರಿ. ಅದರ ಅವಧಿ ಸುಮಾರು ಒಂದು ಲಕ್ಷ ಕಿಲೋಮೀಟರ್. ತುಂಡಾದರೆ ಪಿಸ್ಟನ್ನುಗಳಿಗೆ ವಾಲ್ವುಗಳು ತಗುಲಿ ಎಂಜಿನ್ನೇ ಹಾಳಾಗುತ್ತದೆ. ಬೆಲ್ಟು, ಅದರ ರಾಟೆಗಳು ಮತ್ತು ನೀರಿನ ಪಂಪು ಇವನ್ನೆಲ್ಲ ಒಟ್ಟಿಗೇ ಬದಲಿಸಬೇಕು. ನನಗೆ ಇದಕ್ಕೆ 620 ಪೌಂಡ್ ತಗುಲಿತು. ಈ ಮೊತ್ತವನ್ನು ಬೆಲೆಯಿಂದ ಕಳೆಯಬೇಕೆಂದು ಕೇಳುವ ಹಕ್ಕು ನಿಮಗಿದೆ.

ಟೈರುಗಳ ವಿಷಯ ಸಣ್ಣದೆಂದು ಕಾಣುತ್ತದೆ, ಆದರೆ ಸಣ್ಣದಲ್ಲ. ಮ್ಯಾನುಯಲ್ ಕಾರಿನಲ್ಲಿ ಎಂಜಿನ್ನಿನ ಶಕ್ತಿಯನ್ನು ಹಿಂದೆ ಮುಂದೆ ಹಂಚುವ ನಡುವಣ ಡಿಫರೆನ್ಷಿಯಲ್ ಮುಂದಿನ ಮತ್ತು ಹಿಂದಿನ ಚಕ್ರಗಳು ಒಂದೇ ಸುತ್ತಳತೆಯವು ಎಂದು ನಂಬಿಕೊಂಡು ಕೆಲಸ ಮಾಡುತ್ತದೆ. ಎರಡು ಹೊಸ ಟೈರು, ಎರಡು ಸವೆದ ಟೈರು ಹಾಕಿಕೊಂಡು ವರ್ಷಗಟ್ಟಲೆ ಓಡಿಸಿದರೆ ಅದು ಬಿಸಿಯಾಗಿ ಕೆಡುತ್ತದೆ. ಸ್ಪೆಕ್-ಬಿಗೆ ಬರುವುದು 18 ಅಂಗುಲದ ಚಕ್ರಗಳು. ನಾಲ್ಕೂ ಒಂದೇ ಕಂಪನಿಯ, ಒಂದೇ ಸವೆತದ ಟೈರುಗಳಾಗಿರಬೇಕು. ಖಾಲಿ ಜಾಗದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ. ಕಾರು ತಡೆತಡೆದು ಜಿಗಿದಂತಾದರೆ ಆ ಭಾಗ ದಣಿದಿದೆ ಎಂದರ್ಥ.

ತುಕ್ಕಿನ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದರೂ ಸಾಲದು. ಜಪಾನಿನ ಬಹುಪಾಲು ಪ್ರದೇಶದಲ್ಲಿ ರಸ್ತೆಗೆ ಉಪ್ಪು ಹಾಕುವುದಿಲ್ಲವಾದ್ದರಿಂದ ಅಲ್ಲಿಂದ ಬಂದ ಕಾರಿನ ತಳ ಕನ್ನಡಿಯಂತಿರುತ್ತದೆ, ಹೊಕ್ಕೈಡೊದಂಥ ಹಿಮದ ಸೀಮೆಯಿಂದ ಬಂದದ್ದನ್ನು ಬಿಟ್ಟು. ಆದರೆ ಅದೇ ಕಾರಣಕ್ಕೆ ತಳಕ್ಕೆ ರಕ್ಷಣೆಯ ಲೇಪವೂ ತೆಳುವಾಗಿರುತ್ತದೆ. ಇಲ್ಲಿನ ಉಪ್ಪು ಹಾಕಿದ ರಸ್ತೆಗಳಲ್ಲಿ ಆರು ಚಳಿಗಾಲ ಓಡಿದ ಮೇಲೆ ಸ್ಥಿತಿ ಏನಾಗಿದೆ ಎಂಬುದೇ ಪ್ರಶ್ನೆ. 2019ರಲ್ಲೇ ಲೇಪ ಹಾಕಿಸಿದ್ದರೋ ಇಲ್ಲವೋ ಕೇಳಿ. ಹಿಂದಿನ ಚಕ್ರಗಳ ಕಮಾನಿನ ಒಳ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಹೊರಗೆ ಬಣ್ಣ ಚೆನ್ನಾಗಿದ್ದೂ ಒಳಗೆ ಪುಡಿಯಾಗಿರುವುದುಂಟು.

ಪೆಟ್ರೋಲಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಈ ಎಂಜಿನ್ನನ್ನು ಹೊಂದಿಸಿರುವುದು ಜಪಾನಿನ ನೂರು ಆಕ್ಟೇನಿನ ಪೆಟ್ರೋಲಿಗೆ. ಇಲ್ಲಿ 97ರಿಂದ 99 ಆಕ್ಟೇನಿನ ಸೂಪರ್ ಮಾತ್ರ ಹಾಕಬೇಕು. ನನಗೆ ಸಿಗುವುದು ಗ್ಯಾಲನ್ನಿಗೆ 25 ಮೈಲಿ, ಅಂದರೆ ಊರಿನ ಲೆಕ್ಕದಲ್ಲಿ ಲೀಟರಿಗೆ ಒಂಬತ್ತು ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ನಿಮ್ಮ 8,000 ಮೈಲಿಗೆ ಸುಮಾರು 1,450 ಲೀಟರ್ ಬೇಕು. ಗ್ಯಾಲನ್ನಿಗೆ 35 ಮೈಲಿ ಕೊಡುವ ಸಾಮಾನ್ಯ ಎಸ್ಟೇಟಿಗೆ 1,040 ಸಾಕು, ಅದೂ ಅಗ್ಗದ ಪೆಟ್ರೋಲ್. ಸೂಪರ್ ಲೀಟರಿಗೆ ಒಂದೂವರೆ ಪೌಂಡಿಗಿಂತ ಸ್ವಲ್ಪ ಮೇಲೆ, ಸಾಮಾನ್ಯದ್ದು ಅದಕ್ಕಿಂತ ಹದಿನೈದು ಪೆನ್ಸ್ ಕೆಳಗೆ ಎಂದಿಟ್ಟುಕೊಂಡರೂ ವರ್ಷಕ್ಕೆ 800 ಪೌಂಡಿನಷ್ಟು ವ್ಯತ್ಯಾಸ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಕೊಳ್ಳಿ ಎಂದೇ. ಮಳೆಯಲ್ಲಿ ವೇಲ್ಸ್‌ನ ಘಟ್ಟದಂಥ ರಸ್ತೆಗಳಲ್ಲಿ, ಹಿಂದೆ ಎರಡು ಸೂಟ್‌ಕೇಸು ಮತ್ತು ಸೈಕಲ್ಲು ತುಂಬಿಕೊಂಡು, ಈ ಕಾರು ನೆಲವನ್ನು ಕಚ್ಚಿಕೊಂಡು ತಿರುಗುವ ರೀತಿಯನ್ನು ನಾನು ಬೇರಾವ ಕಾರಿನಲ್ಲೂ ಕಂಡಿಲ್ಲ. ಆದರೆ 8,200ಕ್ಕೆ ಕೊಳ್ಳಬೇಡಿ, ಮತ್ತು ಕೊಂಡ ದಿನ ನಿಮ್ಮ ಕೈಯಲ್ಲಿ ಎರಡು ಸಾವಿರ ಪೌಂಡ್ ಮಿಕ್ಕಿರಲಿ.

ಉತ್ತರ: ಹಾರಂಗಿ (ಕ್ರಾಯ್ಡನ್)

ಕುಂದಾದ್ರಿಯವರು ಎಂಜಿನ್ ಬಗ್ಗೆ ಬರೆದದ್ದನ್ನೆಲ್ಲ ಒಪ್ಪುತ್ತೇನೆ. ಅವರ ಕೊನೆಯ ಮಾತನ್ನು ಒಪ್ಪುವುದು ಕಷ್ಟ. ನನ್ನ ಬಳಿ 1998ರ ನಿಸಾನ್ ಸ್ಟೇಜಿಯಾ ನಾಲ್ಕು ವರ್ಷ ಇತ್ತು: ಸ್ಕೈಲೈನ್ ಕಾರುಗಳ ಅದೇ 2.5 ಲೀಟರ್ ಆರು ಸಿಲಿಂಡರಿನ ಟರ್ಬೊ ಎಂಜಿನ್, ಅದೇ ನಾಲ್ಕು ಚಕ್ರಗಳ ವ್ಯವಸ್ಥೆ. ಅದರ ನೇರ ಸಾಲಿನ ಆರು ಸಿಲಿಂಡರುಗಳ ನಯವನ್ನು ಇಂದಿಗೂ ಮರೆತಿಲ್ಲ. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವ ಇಪ್ಪತ್ತು ನಿಮಿಷ ನನ್ನ ದಿನದ ಅತ್ಯಂತ ಒಳ್ಳೆಯ ಇಪ್ಪತ್ತು ನಿಮಿಷವಾಗಿತ್ತು. ಆದರೂ ಮಾರಿದೆ.

ಮಾರಿದ್ದಕ್ಕೆ ಮುಖ್ಯ ಕಾರಣ ಲಂಡನ್ನಿನ ಯುಲೆಜ್ ಶುಲ್ಕ, ಅಂದರೆ ಹೆಚ್ಚು ಹೊಗೆಯುಗುಳುವ ವಾಹನಗಳಿಗೆ ಹಾಕುವ ದಿನದ ಶುಲ್ಕ. 2023ರ ಆಗಸ್ಟ್ 29ರಿಂದ ಅದು ಲಂಡನ್ನಿನ ಎಲ್ಲ ಬರೋಗಳಿಗೂ (ಆಡಳಿತ ವಿಭಾಗಗಳಿಗೂ) ವಿಸ್ತರಿಸಿ ಕ್ರಾಯ್ಡನ್ ಒಳಗೆ ಬಂತು. ಪೆಟ್ರೋಲ್ ಕಾರು ಯೂರೊ 4 ಎಂಬ ಐರೋಪ್ಯ ಹೊಗೆ ಮಾನದಂಡದ ಮಟ್ಟದ್ದಾಗಿರಬೇಕು. ಇಲ್ಲವಾದರೆ ಓಡಿಸಿದ ಪ್ರತಿ ದಿನಕ್ಕೂ 12.50 ಪೌಂಡ್. ನೀವಿರುವುದು ರೆಡಿಂಗ್‌ನಲ್ಲಾದ್ದರಿಂದ ಇದು ತಮಗೆ ಸಂಬಂಧಿಸಿದ್ದಲ್ಲ ಎಂದು ಅನಿಸಬಹುದು. ಆದರೆ ಹೀಥ್ರೂ ವಿಮಾನ ನಿಲ್ದಾಣ ಹಿಲಿಂಗ್ಡನ್ ಬರೋದಲ್ಲಿದೆ, ಅಂದರೆ ಶುಲ್ಕದ ಗಡಿಯೊಳಗಿದೆ. ತಾಯಿಯವರನ್ನು ಕರೆತರುವಾಗ ಒಮ್ಮೆ, ಕಳಿಸುವಾಗ ಒಮ್ಮೆ ಕಟ್ಟಬೇಕು. ದಿನದ ಲೆಕ್ಕ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ವಿಮಾನ ತಡವಾಗಿ ರಾತ್ರಿ ಹನ್ನೆರಡು ದಾಟಿ ಹೊರಬಂದರೆ ಎರಡು ದಿನದ ಶುಲ್ಕ. ಬಸವ ಜಯಂತಿಗೆ ಲ್ಯಾಂಬೆತ್‌ನ ಬಸವೇಶ್ವರ ಪ್ರತಿಮೆಯ ಬಳಿಗೆ ಕುಟುಂಬ ಸಮೇತ ಹೋಗುವವರಾದರೆ ಅದಕ್ಕೂ ಇದೇ ಲೆಕ್ಕ. ವಾಹನ 2006ಕ್ಕಿಂತ ಹಿಂದಿನದಾದರೆ ದಾಖಲೆಯಲ್ಲಿ ಸಾಮಾನ್ಯವಾಗಿ ಶುಲ್ಕ ಕಟ್ಟಬೇಕಾದದ್ದು ಎಂದೇ ತೋರಿಸುತ್ತದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಕಿಲೋಮೀಟರಿಗೆ 0.08 ಗ್ರಾಮಿನೊಳಗಿದೆ ಎಂಬ ಪ್ರಮಾಣಪತ್ರವನ್ನು ಒದಗಿಸಿದರೆ ಬದಲಿಸಿಕೊಡುತ್ತಾರೆ. ಮಾರುವವರು ಅಂಥ ಪತ್ರ ಪಡೆದಿದ್ದಾರೆಯೇ ಕೇಳಿ, ಮತ್ತು ನೋಂದಣಿ ಸಂಖ್ಯೆಯನ್ನು ಲಂಡನ್ ಸಾರಿಗೆ ಸಂಸ್ಥೆಯ ಜಾಲತಾಣದಲ್ಲಿ ನೀವೇ ಪರೀಕ್ಷಿಸಿ. ಅವರ ಬಾಯಿಮಾತನ್ನು ನೆಚ್ಚಬೇಡಿ.

ಎರಡನೆಯದು ಬಿಡಿಭಾಗ. ಸರ್ವಿಸಿಗೆ ಬೇಕಾದ ಸಾಮಾನುಗಳೆಲ್ಲ ಸುಲಭವಾಗಿ ಸಿಗುತ್ತವೆ. ತೊಂದರೆ ಬರುವುದು ಗಾಜು, ದೀಪ, ಬಂಪರುಗಳಿಗೆ. ಅಂಗಡಿಯೊಂದರ ಮುಂದೆ ನಿಲ್ಲಿಸಿದ್ದಾಗ ಯಾರೋ ಹಿಮ್ಮುಖವಾಗಿ ಬಂದು ನನ್ನ ಕಾರಿನ ಹಿಂದಿನ ದೀಪವನ್ನು ಒಡೆದರು. ಜಪಾನಿನಿಂದ ಹಳೆಯದೊಂದು ದೀಪ ತರಿಸಲು ಏಳು ವಾರ ಹಿಡಿಯಿತು. ಆ ಏಳು ವಾರ ನಾನು ಬಸ್ಸಿನಲ್ಲಿ ಓಡಾಡಿದೆ. ಒಬ್ಬಳೇ ಇದ್ದುದರಿಂದ ನಡೆಯಿತು. ಇಬ್ಬರು ಶಾಲೆಯ ಮಕ್ಕಳಿರುವ ಮನೆಯಲ್ಲಿ ನಡೆಯುವುದಿಲ್ಲ. ಲೆಗಸಿಯ ಬೇರೆ ಎಂಜಿನ್ನಿನ ಕಾರುಗಳು ಇಲ್ಲಿ ಅಧಿಕೃತವಾಗಿ ಮಾರಾಟವಾಗಿರುವುದರಿಂದ ನಿಮ್ಮ ಪರಿಸ್ಥಿತಿ ನನ್ನದಕ್ಕಿಂತ ಉತ್ತಮ ಎಂಬುದನ್ನು ಒಪ್ಪುತ್ತೇನೆ.

ವಿಮೆಯನ್ನು ಬೆಲೆ ಮಾತಾಡುವ ಮೊದಲೇ ವಿಚಾರಿಸಿ. ಆಮದು ಕಾರುಗಳನ್ನು ಬಲ್ಲ ವಿಮಾದಾರರಿಗೆ ಫೋನ್ ಮಾಡಿ, ಒಪ್ಪಿದ ಮೌಲ್ಯದ ಪಾಲಿಸಿ, ಅಂದರೆ ಕಾರಿನ ಬೆಲೆಯನ್ನು ಮೊದಲೇ ನಿಗದಿ ಮಾಡಿದ ಪಾಲಿಸಿ, ಕೇಳಿ. ಅದಿಲ್ಲದಿದ್ದರೆ ಅಪಘಾತವಾದಾಗ ಇಪ್ಪತ್ತು ವರ್ಷದ ಹಳೇ ಕಾರೆಂದು ಅತ್ಯಲ್ಪ ಹಣ ಕೊಟ್ಟು ಕೈತೊಳೆದುಕೊಳ್ಳುವ ಸಂಭವವಿದೆ. ಮೂಲದಿಂದ ಬದಲಾಗಿರುವ ಪ್ರತಿಯೊಂದನ್ನೂ, ಸೈಲೆನ್ಸರ್ ಆದರೂ ಸರಿ, ತಿಳಿಸಲೇಬೇಕು.

ಊರಿಗೆ ಕೊಂಡೊಯ್ಯುವ ಆಸೆಯನ್ನು ಇಲ್ಲಿಯೇ ಬಿಟ್ಟುಬಿಡಿ. ಭಾರತಕ್ಕೆ ತರುವ ಬಳಸಿದ ಕಾರು ತಯಾರಾಗಿ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಸುಂಕದ ಮಾತು ಆಮೇಲಿನದು.

ಕಾರು ಒಳ್ಳೆಯದೇ. ಆದರೆ ಮನೆಗೆ ಅದೊಂದೇ ಕಾರಾಗುವುದಾದರೆ ಬೇಡ ಎಂಬುದು ನನ್ನ ಸಲಹೆ.

ಉತ್ತರ: ಪೂರ್ವಸಾಗರ (ಆಕ್ಲೆಂಡ್)

ನ್ಯೂಜಿಲೆಂಡಿನಲ್ಲಿ ರಸ್ತೆಗಿಳಿದರೆ ಕಾಣುವ ಕಾರುಗಳಲ್ಲಿ ಬಹಳಷ್ಟು ಜಪಾನಿನಲ್ಲಿ ಒಮ್ಮೆ ಬಳಸಿ ಬಂದವೇ ಆಗಿರುವುದರಿಂದ ಹರಾಜು ಪತ್ರ ಓದುವುದು ನಮಗೆ ಅಭ್ಯಾಸವಾಗಿದೆ. ನಿಮ್ಮ ಪತ್ರದಲ್ಲಿ ಏನಿದೆ ಎಂದು ನೀವು ಬರೆದಿಲ್ಲ, ಆದರೂ ಹೇಗೆ ಓದಬೇಕೆಂದು ಹೇಳುತ್ತೇನೆ.

ಮೇಲಿನ ಮೂಲೆಯಲ್ಲಿ ಒಟ್ಟಾರೆ ದರ್ಜೆ ಇರುತ್ತದೆ. ಈ ವಯಸ್ಸಿನ ಕಾರಿಗೆ 4 ಎಂದಿದ್ದರೆ ಒಳ್ಳೆಯದು, 3.5 ಆದರೂ ಚಿಂತೆಯಿಲ್ಲ. ಅಂಕಿಯ ಬದಲು ಆರ್ ಅಥವಾ ಆರ್‌ಎ ಎಂದಿದ್ದರೆ ಅಪಘಾತವಾಗಿ ದುರಸ್ತಿಯಾದ ಕಾರು. ಒಳಾಂಗಣಕ್ಕೆ ಬೇರೆಯಾಗಿ ಎ, ಬಿ, ಸಿ ಎಂಬ ಅಕ್ಷರ ಕೊಡುತ್ತಾರೆ. ಕೆಳಗಿನ ಚಿತ್ರದಲ್ಲಿ ಎ ಎಂದರೆ ಗೀರು, ಯು ಎಂದರೆ ನೆಗ್ಗು, ಡಬ್ಲ್ಯೂ ಎಂದರೆ ತಗಡು ತಿದ್ದಿ ಬಣ್ಣ ಹೊಡೆದ ಅಲೆಯ ಗುರುತು, ಎಸ್ ಎಂದರೆ ತುಕ್ಕು, ಎರಡು ಎಕ್ಸ್ ಎಂದರೆ ಆ ಭಾಗವನ್ನೇ ಬದಲಿಸಿದ್ದಾರೆ ಎಂದು. ಪಕ್ಕದ ಅಂಕಿ ದೊಡ್ಡದಾದಷ್ಟೂ ದೋಷ ದೊಡ್ಡದು. ಜಪಾನೀ ಬರಹದಲ್ಲಿ ಪರೀಕ್ಷಕರು ಟಿಪ್ಪಣಿ ಬರೆದಿರುತ್ತಾರೆ. ಆ ನಾಲ್ಕು ಸಾಲುಗಳನ್ನು ಭಾಷೆ ಬಲ್ಲವರಿಂದ ಓದಿಸಿ, ಏಕೆಂದರೆ ಎಣ್ಣೆ ಸೋರಿಕೆ, ತಳದ ತುಕ್ಕು ಇಂಥವೆಲ್ಲ ಅಲ್ಲಿಯೇ ಇರುತ್ತವೆ.

ಅಷ್ಟು ಒಳ್ಳೆಯ ಕಾರನ್ನು ಜಪಾನಿನವರು ಏಕೆ ಬಿಟ್ಟುಕೊಟ್ಟರು ಎಂದು ಹಲವರು ಅನುಮಾನಿಸುತ್ತಾರೆ. ಅಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಶಾಕೆನ್ ಎಂಬ ಕಡ್ಡಾಯ ವಾಹನ ತಪಾಸಣೆ ದುಬಾರಿಯದು, ಹದಿಮೂರು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ತೆರಿಗೆಯೂ ಏರುತ್ತದೆ. ನಿಮ್ಮ ಕಾರು ಹದಿನೈದನೆಯ ವರ್ಷದಲ್ಲಿ ಹೊರಟಿದೆ, ಅದರಲ್ಲಿ ಅನುಮಾನಿಸುವಂಥದ್ದೇನೂ ಇಲ್ಲ. ರಫ್ತು ಪ್ರಮಾಣಪತ್ರದಲ್ಲಿನ ಕಿಲೋಮೀಟರ್ ಹರಾಜು ಪತ್ರಕ್ಕೂ ನಿಮ್ಮಲ್ಲಿನ ಮೊದಲ ಎಂಒಟಿಗೂ ಹೊಂದುತ್ತದೆಯೇ ಎಂಬುದನ್ನು ಮಾತ್ರ ತಪ್ಪದೆ ನೋಡಿ.

ವರದಾತೀರ (ರೆಡಿಂಗ್)

ಮೂವರಿಗೂ ಕೃತಜ್ಞತೆಗಳು. ನಿನ್ನೆ ಸ್ವಿಂಡನ್‌ಗೆ ಹೋಗಿ ಬಂದೆ.

ಹರಾಜು ಪತ್ರದಲ್ಲಿ ದರ್ಜೆ 4, ಒಳಾಂಗಣ ಬಿ. ಬಲಭಾಗದ ಹಿಂದಿನ ಕಮಾನಿನ ಮೇಲೆ ಡಬ್ಲ್ಯೂ2 ಎಂದಿದೆ. ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಾಗ ಒಳ ಅಂಚು ಗಟ್ಟಿಯಾಗಿಯೇ ಇತ್ತು. ಎಡಭಾಗದ್ದು ಮಾತ್ರ ಸ್ವಲ್ಪ ಒರಟಾಗಿ ಕೈಗೆ ಕಂದು ಪುಡಿ ಹತ್ತಿತು. 2019ರಲ್ಲಿ ತಳಕ್ಕೆ ಲೇಪ ಹಾಕಿಸಿದ ರಸೀದಿಯನ್ನು ಅವರು ಹುಡುಕಿ ತೋರಿಸಿದರು. ಮೂರು ಕಾಗದಗಳಲ್ಲೂ ಕಿಲೋಮೀಟರ್ ಹೊಂದುತ್ತದೆ. ಎಂಜಿನ್ ತಣ್ಣಗಿತ್ತು, ಮೊದಲ ಯತ್ನಕ್ಕೇ ಹೊರಟಿತು, ಹೊಗೆ ಬರಲಿಲ್ಲ. ಸ್ಟೀರಿಂಗ್ ತಿರುಗಿಸಿ ಸುತ್ತು ಹಾಕಿದಾಗ ಜಿಗಿತವೂ ಇರಲಿಲ್ಲ, ಆದರೆ ಮುಂದಿನ ಎರಡು ಟೈರುಗಳು ಹೊಸವು, ಹಿಂದಿನವು ಅರ್ಧ ಸವೆದಿವೆ ಮತ್ತು ಬೇರೆ ಕಂಪನಿಯವು. ಬೆಲ್ಟಿನ ರಸೀದಿ ಕೊನೆಗೂ ಸಿಗಲಿಲ್ಲ. ಯುಲೆಜ್ ಪರೀಕ್ಷೆಯಲ್ಲಿ ಶುಲ್ಕ ಕಟ್ಟಬೇಕು ಎಂದೇ ಬಂತು. ಪ್ರಮಾಣಪತ್ರಕ್ಕೆ ಅವರು ಎಂದೂ ಪ್ರಯತ್ನಿಸಿಲ್ಲ.

ಕಂಪ್ರೆಶನ್ ಪರೀಕ್ಷೆಗೆ ಅವರು ಹಿಂಜರಿಯದೆ ಒಪ್ಪಿ ತಾವೇ ಜೊತೆಗೆ ಬಂದರು. ಬಂದ ಅಂಕಿಗಳು ಪಿಎಸ್ಐ ಎಂಬ ಒತ್ತಡದ ಮಾನದಲ್ಲಿ 152, 150, 151 ಮತ್ತು ನಾಲ್ಕನೆಯದರಲ್ಲಿ 143. ಕುಂದಾದ್ರಿಯವರೇ, ಆ ನಾಲ್ಕನೆಯದರ ಬಗ್ಗೆ ಗಾಬರಿಪಡಬೇಕೇ?

ಹಾರಂಗಿಯವರ ಮಾತು ರಾತ್ರಿಯೆಲ್ಲ ಮನಸ್ಸಿನಲ್ಲಿ ಓಡುತ್ತಿತ್ತು. ಹೆಂಡತಿಯೊಡನೆ ಕುಳಿತು ಲೆಕ್ಕ ಹಾಕಿದಾಗ ಅವಳೇ ಒಂದು ದಾರಿ ಸೂಚಿಸಿದಳು: ಹಳೆಯ ಹ್ಯಾಚ್‌ಬ್ಯಾಕನ್ನು ಮಾರದೆ ಇಟ್ಟುಕೊಳ್ಳುವುದು. ಅದಕ್ಕೆ ಯುಲೆಜ್ ತೊಂದರೆಯಿಲ್ಲ, ವಿಮೆ ಕಡಿಮೆ, ಅವಳ ಕೈಗೂ ಹೊಂದಿದೆ. ಆಗ 2,500 ಪೌಂಡ್ ಬರುವುದಿಲ್ಲ, ಹಾಗಾಗಿ ಈ ಕಾರಿಗೆ 7,000ಕ್ಕಿಂತ ಹೆಚ್ಚು ಕೊಡಲಾಗದು.

ಉತ್ತರ: ಕುಂದಾದ್ರಿ (ಕವೆಂಟ್ರಿ)

152ಕ್ಕೂ 143ಕ್ಕೂ ಇರುವ ವ್ಯತ್ಯಾಸ ಶೇಕಡಾ ಆರರಷ್ಟೇ. ಹತ್ತರೊಳಗಿದ್ದರೆ ನಾನು ಒಪ್ಪುತ್ತೇನೆ. ದಿಂಡು ಬಿರುಕು ಬಿಟ್ಟಿದ್ದರೆ ಅಂಕಿ ಇದಕ್ಕಿಂತ ಬಹಳ ಕೆಳಗೆ ಬೀಳುತ್ತಿತ್ತು. ಆ ಅಂಕಿಗಳನ್ನು ಬರೆದಿಟ್ಟುಕೊಂಡು ಮುಂದಿನ ವರ್ಷ ಮತ್ತೆ ಪರೀಕ್ಷೆ ಮಾಡಿಸಿ, ನಾಲ್ಕನೆಯದು ಇನ್ನೂ ಇಳಿದಿದೆಯೇ ನೋಡಿ.

ಬೆಲ್ಟು, ಹಿಂದಿನ ಎರಡು ಟೈರು, ಎಡ ಕಮಾನಿನ ಕೆಲಸ ಇವು ಮೂರನ್ನು ಕಾಗದದ ಮೇಲೆ ಬರೆದು ಅವರ ಮುಂದಿಡಿ. ಪರೀಕ್ಷೆಗೆ ತಾವೇ ಜೊತೆಗೆ ಬಂದ ಮಾಲೀಕರು ನ್ಯಾಯವಾದ ಲೆಕ್ಕವನ್ನು ಕೇಳಿಸಿಕೊಳ್ಳುತ್ತಾರೆ. ಹಿಂದಕ್ಕೆ ಎರಡು ಟೈರು ಕೊಳ್ಳುವುದಾದರೆ ಮುಂದಿರುವ ಕಂಪನಿಯ, ಅದೇ ವಿನ್ಯಾಸದವನ್ನೇ ಕೊಳ್ಳಿ.

ಹ್ಯಾಚ್‌ಬ್ಯಾಕನ್ನು ಉಳಿಸಿಕೊಳ್ಳುವ ಯೋಚನೆ ನನ್ನ ಸಲಹೆಗಿಂತ ಉತ್ತಮವಾದದ್ದು. ಹಾರಂಗಿಯವರು ಹೇಳಿದ್ದನ್ನು ನಾನು ಮೊದಲೇ ಯೋಚಿಸಬೇಕಿತ್ತು. ನನ್ನ ಮನೆಯಲ್ಲೂ ಎರಡನೆಯ ಕಾರು ಇದ್ದುದರಿಂದಲೇ ಟರ್ಬೊ ಹೋದ ಮೂರು ವಾರ ನಮಗೆ ಕಷ್ಟವಾಗಲಿಲ್ಲ.

ಉತ್ತರ: ಹಾರಂಗಿ (ಕ್ರಾಯ್ಡನ್)

ಹೀಗಾದರೆ ನನ್ನ ಅಭ್ಯಂತರವಿಲ್ಲ. ಎರಡು ಕಾರಿಗೂ ರಸ್ತೆ ತೆರಿಗೆ ಕಟ್ಟಬೇಕೆಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ವಿಮಾದಾರರೊಡನೆ ಮಾತಾಡುವಾಗ ಲೆಗಸಿಗೆ ವರ್ಷಕ್ಕೆ 5,000 ಮೈಲಿಯ ಮಿತಿ ಹಾಕಿಕೊಂಡರೆ ಕಂತು ಎಷ್ಟು ಇಳಿಯುತ್ತದೆ ಎಂದೂ ಕೇಳಿ.

ವರದಾತೀರ (ರೆಡಿಂಗ್)

6,950 ಪೌಂಡಿಗೆ ಒಪ್ಪಂದವಾಯಿತು. ಒಪ್ಪಿದ ಮೌಲ್ಯದ ವಿಮೆ 5,000 ಮೈಲಿಯ ಮಿತಿಯೊಂದಿಗೆ ಸಿಕ್ಕಿದೆ. ಶನಿವಾರ ಬೆಳಿಗ್ಗೆ ರೈಲಿನಲ್ಲಿ ಸ್ವಿಂಡನ್‌ಗೆ ಹೋಗಿ ಕಾರನ್ನು ತರುತ್ತೇನೆ. ಬೆಲ್ಟು ಮತ್ತು ನೀರಿನ ಪಂಪಿನ ಕೆಲಸ ಮುಂದಿನ ಮಂಗಳವಾರಕ್ಕೆ ನಿಗದಿಯಾಗಿದೆ. ಟರ್ಬೊ ಕೊಳವೆಯ ಜಾಲರಿಯನ್ನು ಬಿಚ್ಚಿ, ಅದನ್ನು ನನ್ನ ಕೈಗೆ ಕೊಡಬೇಕೆಂದು ಮೆಕ್ಯಾನಿಕ್‌ಗೆ ಹೇಳಿದ್ದೇನೆ. ಅಲ್ಲಿಯವರೆಗೆ ಕಾರು ಮನೆಯ ಮುಂದೆಯೇ ನಿಂತಿರುತ್ತದೆ. ಜಾಲರಿ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಮಂಗಳವಾರ ಸಂಜೆ ಚಿತ್ರದೊಂದಿಗೆ ಇಲ್ಲಿ ಹಾಕುತ್ತೇನೆ.